ದನದ ಡಾಕ್ಟರನ ಗುದನಾಳ

ನವೆಂಬರ್ 12, ಮಂಗಳವಾರ

ನಲವತ್ತೊಂದು ವರ್ಷ ದನಗಳ ಹಿಂಬದಿಗೆ ಭುಜದವರೆಗೆ ಕೈ ಹಾಕಿದ್ದೇನೆ. ಗಬ್ಬ ನಿಂತಿದೆಯೇ, ಎಷ್ಟು ತಿಂಗಳು, ಕರು ಜೀವಂತವಿದೆಯೇ ಎಂದು ಬೆರಳ ತುದಿಯಿಂದಲೇ ಹೇಳಿದ್ದೇನೆ. ಇವತ್ತು ಓಮಹಾ ನಗರದ ಆಸ್ಪತ್ರೆಯಲ್ಲಿ ಡಾ. ಫಾಮ್ ಎಂಬ ಒಬ್ಬ ಕುಳ್ಳಿ ನನ್ನ ಹಿಂಬದಿಗೆ ಒಂದೇ ಒಂದು ಬೆರಳು ಹಾಕಿ, "ಹಾಂ, ಸಿಗ್ತಿದೆ," ಎಂದಳು. ಅಷ್ಟಕ್ಕೇ ಅವಳ ಮುಖದಲ್ಲಿ ಗಣಿಯಲ್ಲಿ ಚಿನ್ನ ಸಿಕ್ಕಿದಂಥ ಕಳೆ.

ಆಮೇಲೆ ಒಂದು ಕಾಗದದ ಮೇಲೆ ಹಂದಿಯ ಬಾಲದಂಥದ್ದೇನನ್ನೋ ಗೀಚಿದಳು. "ಇದು ಗುದನಾಳ. ದೊಡ್ಡಕರುಳಿನ ಕೊನೇ ಭಾಗ."

"ನಾನು ಪಶುವೈದ್ಯ," ಎಂದೆ.

"ಹಾಗಾದ್ರೆ ನಿಮಗೆ ಗೊತ್ತೇ ಇರತ್ತೆ," ಎಂದು ಗೀಚುವುದನ್ನು ಮುಂದುವರಿಸಿದಳು.

ಕ್ಯಾನ್ಸರ್ ಗಂಟು ಗುದದ ಬಾಗಿಲಿನಿಂದ ಆರು ಸೆಂಟಿಮೀಟರ್ ಒಳಗಿದೆ. ಮೊದಲು ಐದು ದಿನ ವಿಕಿರಣ. ಜನವರಿಯಲ್ಲಿ ಗುದನಾಳದ ಒಂದು ಭಾಗವನ್ನು ಕತ್ತರಿಸಿ ತೆಗೆದು, ಮೇಲಿನ ತುದಿಯನ್ನು ಕೆಳಗಿನ ತುದಿಗೆ ಜೋಡಿಸುತ್ತಾಳಂತೆ. ಜೋಡಣೆ ಮಾಗುವ ತನಕ ಸಣ್ಣಕರುಳನ್ನು ಹೊಟ್ಟೆಯ ಮೇಲೆ ಹೊರಗೆಳೆದು ಅದಕ್ಕೊಂದು ಚೀಲ ಅಂಟಿಸುವುದು. ಮೂರು ತಿಂಗಳು. ಕೆಳಗಿನ ತುದಿ ಜೋಡಣೆಗೆ ಸಾಲದೆ ಹೋದರೆ ಸಾಯುವ ತನಕ ಚೀಲ. ಜನವರಿಯಿಂದ ಏಪ್ರಿಲ್ ಎಂದರೆ ಈ ಜಿಲ್ಲೆಯ ಹಸುಗಳೆಲ್ಲ ಈಯುವ ಕಾಲ. ಅದನ್ನು ಹೇಳಿದೆ. "ಹಸುಗಳು ನಿಮ್ಮನ್ನ ಕಾಯ್ತವೆ," ಎಂದಳು. ಹಸು ಕಾಯುತ್ತದೆಂದು ನಂಬಿದವಳ ಕೈಗೆ ಕತ್ತಿ ಕೊಟ್ಟಿದ್ದಾರೆ.

ಹೊರಡುವಾಗ ನರ್ಸ್ ಒಬ್ಬಳು ಮನಸ್ಸಿನ ಭಾವನೆಗಳನ್ನು ದಿನವೂ ಬರೆಯಬೇಕೆಂದು ಹೇಳಿದಳು. ಗಬ್ಬ ಪರೀಕ್ಷೆಯ ಲೆಕ್ಕ ಬರೆಯುವ ಹಳೆಯ ಪುಸ್ತಕದಲ್ಲಿ ಅರ್ಧ ಖಾಲಿ ಉಳಿದಿದೆ. ಅದರಲ್ಲಿ ಬರೆಯುತ್ತಿದ್ದೇನೆ. ರಟ್ಟಿನ ಮೇಲೆ ಒಣಗಿದ ಸಗಣಿ ಇದೆ. ವಿಷಯಕ್ಕೆ ತಕ್ಕದ್ದು.

ಕಾರಿನಲ್ಲಿ ನೂರು ಮೈಲಿ ನನ್ನ ಹೆಂಡತಿ ಆರ್ಲಿಸ್ ರೇಡಿಯೋದ ದನದ ಧಾರಣೆ ಕೇಳಿದಳು. ಆಮೇಲೆ, "ಎರಡು ವರ್ಷದ ಹಿಂದೆ ಆ ಡಬ್ಬಿ ಪರೀಕ್ಷೆ ಮಾಡಿಸಿದ್ದೆಯಲ್ಲ. ಏನೂ ಇಲ್ಲ ಅಂದಿದ್ರಲ್ಲ," ಎಂದಳು.

"ಅಂದಿದ್ರು."

"ಹಾಗಾದ್ರೆ ಲ್ಯಾಬಿನವರು ತಪ್ಪು ಮಾಡಿದಾರೆ."

"ಮಾಡಿರಬಹುದು," ಎಂದೆ.

ಆ ಡಬ್ಬಿಯನ್ನು ನಾನು ಕಳಿಸಿಯೇ ಇರಲಿಲ್ಲ. ಅಂಚೆಯಲ್ಲಿ ಮನೆಗೆ ಬರುತ್ತದೆ, ಅದರಲ್ಲಿ ಮಲ ಹಾಕಿ ಅಂಚೆಯಲ್ಲೇ ವಾಪಸು ಕಳಿಸಬೇಕು. ನಾನೂರು ಜನರ ಊರು. ಅಂಚೆ ಕಚೇರಿಯ ಬರ್ನೀಸ್ ಕಿಟಕಿಯಲ್ಲಿ ಆ ಡಬ್ಬಿ ತೆಗೆದುಕೊಂಡು, ತೂಕ ಮಾಡಿ, ನನ್ನ ಮುಖ ನೋಡಿ ನಗುವುದನ್ನು ನೆನೆಸಿಕೊಂಡೆ. ಹಿತ್ತಲ ಪೀಪಾಯಿಯಲ್ಲಿ ಮೇವಿನ ಖಾಲಿ ಚೀಲಗಳ ಜೊತೆ ಸುಟ್ಟುಹಾಕಿದೆ. ಒಂದು ತಿಂಗಳು ಬಿಟ್ಟು, ಫೋನ್ ಬಂತು, ಎಲ್ಲ ಸರಿ ಇದೆಯಂತೆ ಎಂದು ಆರ್ಲಿಸ್‌ಗೆ ಹೇಳಿದೆ. ರಕ್ತ ಬೀಳಲು ಶುರುವಾಗಿ ಒಂದು ವರ್ಷದ ಮೇಲಾಯಿತು. ಮೂಲವ್ಯಾಧಿ ಅಂದುಕೊಂಡೆ. ಹಸುವಿನ ಬಗ್ಗೆ ಯಾವನಾದರೂ ಹೀಗೆ ಹೇಳಿದ್ದರೆ ಅವನನ್ನು ಅವನ ಕೊಟ್ಟಿಗೆಯಲ್ಲೇ ನಿಲ್ಲಿಸಿ ಉಗಿಯುತ್ತಿದ್ದೆ.

ಡಿಸೆಂಬರ್ 5, ಗುರುವಾರ

ವಿಕಿರಣದ ನಾಲ್ಕನೆಯ ದಿನ. ಓಮಹಾದ ಒಂದು ಮೋಟೆಲಿನಲ್ಲಿದ್ದೇವೆ. ಕಾಯುವ ಕೋಣೆಯಲ್ಲಿ ಗೋಡೆಗೆ ಒಂದು ಹಿತ್ತಾಳೆ ಗಂಟೆ ನೇತುಹಾಕಿದ್ದಾರೆ. ಚಿಕಿತ್ಸೆ ಮುಗಿದವರು ಅದನ್ನು ಬಾರಿಸಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಇವತ್ತು ಟೈ ಕಟ್ಟಿಕೊಂಡ ಬ್ಯಾಂಕಿನ ಮನುಷ್ಯನೊಬ್ಬ ಬಾರಿಸಿ ಅತ್ತ. ಊಟದ ಗಂಟೆ ಕೇಳಿ ಓಡಿಬರುವ ಹಂದಿಗಳಿಗೂ ಇದಕ್ಕಿಂತ ಗಾಂಭೀರ್ಯ ಇರುತ್ತದೆ.

ಆರ್ಲಿಸ್ ಮೋಟೆಲಿನ ಮೇಜಿನ ಮೇಲೆ ಲ್ಯಾಬಿಗೆ ಪತ್ರ ಬರೆದಳು. ಜಿಲ್ಲಾ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವಳು. ಅವಳ ಪತ್ರ ಬಂತೆಂದರೆ ಜನ ಜಮೀನಿನ ಬೇಲಿಯನ್ನೇ ಹಿಂದಕ್ಕೆ ಕಿತ್ತು ನೆಟ್ಟದ್ದುಂಟು. ಬರೆದು ನನಗೆ ಓದಿ ಹೇಳಿದಳು. "ಸರಿ ಇದೆಯಾ?"

"ಒಂದು ಅಲ್ಪವಿರಾಮ ಜಾಸ್ತಿ ಆಯ್ತು," ಎಂದೆ.

ಡಿಸೆಂಬರ್ 18, ಬುಧವಾರ

ಲ್ಯಾಬಿನಿಂದ ಉತ್ತರ ಬಂತು. ವರ್ಲಿನ್ ಹುಡೆಕ್ ಎಂಬ ನನ್ನ ಹೆಸರಿನಲ್ಲಿ ತಮಗೆ ಯಾವ ಡಬ್ಬಿಯೂ ಬಂದಿಲ್ಲವೆಂದು ಬರೆದಿದ್ದಾರೆ. ಇದನ್ನು ಓದಿದರೆ ಯಾರಿಗಾದರೂ ವಿಷಯ ಹೊಳೆಯಬೇಕು. ಆರ್ಲಿಸ್‌ಗೆ ಹೊಳೆಯಲಿಲ್ಲ. ಗಂಡ ಸುಳ್ಳು ಹೇಳುತ್ತಾನೆ ಎಂಬುದೊಂದು ಅವಳ ಲೆಕ್ಕದಲ್ಲಿ ಇಲ್ಲ.

"ನೋಡು, ಕಳೆದುಹಾಕಿದಾರೆ. ಬೇರೆ ಯಾರದ್ದೋ ಫಲಿತಾಂಶ ನಿನಗೆ ಹೇಳಿ, ಈಗ ಬಂದೇ ಇಲ್ಲ ಅಂತಾರೆ. ಎಂಥ ಜನ."

"ಎಂಥ ಜನ," ಎಂದೆ ನಾನೂ.

ಮಧ್ಯಾಹ್ನ ಆ ಹುಡುಗಿ ಬಂದಿದ್ದಳು. ರೆನೆಟಾ ಕೂಲ್, ಮೂವತ್ತೊಂದು ವರ್ಷ, ಮೂರು ವರ್ಷದ ಹಿಂದೆ ನನ್ನ ಕ್ಲಿನಿಕ್ಕಿಗೆ ಪಾಲುದಾರ ಪಶುವೈದ್ಯೆಯಾಗಿ ಸೇರಿಸಿಕೊಂಡದ್ದು. ಗಬ್ಬ ನೋಡಲು ಕೈ ಹಾಕುವುದಿಲ್ಲ. ಒಂದು ಕೋಲಿನ ತುದಿಯ ಯಂತ್ರ ಒಳಗಿಟ್ಟು, ಬೆಸುಗೆ ಹಾಕುವವನ ಹಾಗೆ ಮುಖಕ್ಕೆ ಕನ್ನಡಕ ಕಟ್ಟಿಕೊಂಡು ಚಿತ್ರ ನೋಡುತ್ತಾಳೆ. ನಾನಿಲ್ಲದ ಮೂರು ತಿಂಗಳು ಎಲ್ಲ ತಾನೇ ನೋಡಿಕೊಳ್ಳುವುದಾಗಿ ಹೇಳಿದಳು.

"ನಿಮಗೇನಾದ್ರೂ ಚಿಂತೆ ಇದ್ರೆ ಹೇಳಿ, ಡಾಕ್ಟ್ರೇ."

"ಇದೆ. ಎಲ್ಲ ನೀನೇ ನೋಡ್ಕೊಳ್ತೀಯಲ್ಲ, ಅದೇ."

ನಕ್ಕಳು. ಬೈಗುಳ ಅರ್ಥವಾಗದವರ ಜೊತೆ ಕೆಲಸ ಮಾಡುವುದು ಕಷ್ಟ.

ಜನವರಿ 13, ಸೋಮವಾರ

ನಾಳೆ ಕೊಯ್ಯುತ್ತಾರೆ. ಕರುಳು ತೊಳೆಯುವ ನೀರು ಒಂದು ಗ್ಯಾಲನ್ ಕುಡಿಸಿದರು. ಸಮುದ್ರದಲ್ಲಿ ನಿಂಬೆ ಹಿಂಡಿದ ರುಚಿ. ಒಬ್ಬ ನರ್ಸ್ ಬಂದು, ನಿಲ್ಲಿಸಿ, ಕೂರಿಸಿ, ಬಗ್ಗಿಸಿ, ಚೀಲ ಎಲ್ಲಿ ಬರಬೇಕೆಂದು ಹೊಟ್ಟೆಯ ಬಲಭಾಗದಲ್ಲಿ ಮಸಿಯಿಂದ ಗುರುತು ಹಾಕಿದಳು. ಕಟುಕರ ಮನೆಗೆ ಹೋಗುವ ಹೋರಿಗೂ ಹೀಗೆಯೇ ಹಾಕುತ್ತೇವೆ.

"ಭಯ ಆಗ್ತಿದೆಯಾ?" ಎಂದು ಕೇಳಿದಳು.

"ನಿಮ್ಮ ಅಕ್ಷರ ನೋಡಿದ್ರೆ ಆಗತ್ತೆ."

ಆರ್ಲಿಸ್ ಕುರ್ಚಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದಾಳೆ. ಒಂದು ಸಾಲು ಹೆಣೆದು, ಬಿಚ್ಚಿ, ಮತ್ತೆ ಅದನ್ನೇ ಹೆಣೆಯುತ್ತಾಳೆ. ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ಗ್ಯಾಲನ್ ನೀರು ಕರೆಯಿತು, ಓಡಿದೆ. ದೇವರ ದಯೆ.

ಜನವರಿ 16, ಗುರುವಾರ

ಬದುಕಿದ್ದೇನೆ. ಕೆಮ್ಮಿದರೆ ಇಲ್ಲ.

ಜನವರಿ 19, ಭಾನುವಾರ

ಹೊಟ್ಟೆಯ ಮೇಲೆ ಕರುಳಿನ ತುದಿ ಹೊರಗೆ ಬಂದಿದೆ. ಕೆಂಪಗೆ, ಒದ್ದೆಯಾಗಿ, ಈದ ಮೇಲೆ ಹಸುವಿನ ಹಿಂಭಾಗ ಕಾಣುವಂತೆಯೇ. ನೋವಿಲ್ಲ. ತನ್ನಷ್ಟಕ್ಕೆ ಅಲುಗುತ್ತದೆ. ಚೀಲ ಹಾಕಿಕೊಳ್ಳುವುದನ್ನು ಕಲಿಸಲು ಬಂದ ನರ್ಸ್, "ಕೆಲವರು ಇದಕ್ಕೆ ಮುದ್ದಾಗಿ ಒಂದು ಹೆಸರಿಡ್ತಾರೆ," ಎಂದಳು. ನಾನು ನಾಯಿಗೆ ಹೆಸರಿಡಲು ಎರಡು ವರ್ಷ ತೆಗೆದುಕೊಂಡವನು.

ಅವಳು ಕಲಿಸುವಾಗ ಆರ್ಲಿಸ್‌ಳನ್ನು ಹೊರಗೆ ಕಳಿಸಿದೆ. "ನಾನೂ ಕಲಿತ್ಕೊಳ್ತೀನಿ ಕಣೋ," ಎಂದಳು. "ಬೇಡ" ಎಂದೆ. ಬಾಗಿಲ ಗಾಜಿನಾಚೆ ಅವಳ ನೀಲಿ ಕೋಟು ಸ್ವಲ್ಪ ಹೊತ್ತು ನಿಂತಿತ್ತು, ಆಮೇಲೆ ಇರಲಿಲ್ಲ.

ಕುಳ್ಳಿ ಡಾಕ್ಟರ್ ಸಂಜೆ ಬಂದಳು. ತೆಗೆದ ಭಾಗದ ಅಂಚುಗಳಲ್ಲಿ ರೋಗವಿಲ್ಲ, ಗ್ರಂಥಿಗಳಲ್ಲೂ ಇಲ್ಲ, ಕೆಳಗಿನ ತುದಿ ಜೋಡಣೆಗೆ ಸಾಕಾಯಿತು ಎಂದು ಹಲ್ಲು ಬಿಟ್ಟಳು. ಐದು ಗಂಟೆ ಕೂತಿದ್ದಳಂತೆ, ರೋಬೋಟ್ ಯಂತ್ರದ ಕೈಗಳನ್ನು ಆಡಿಸುತ್ತ. ಹೊಟ್ಟೆಯ ಮೇಲಿನ ಹೊಲಿಗೆ ನೋಡಿದೆ. ಅಂತರ ಸಮನಾಗಿದೆ, ಬಿಗಿ ಎಲ್ಲೂ ಹೆಚ್ಚಿಲ್ಲ. ಹೇಳಲಿಲ್ಲ. ಹೊಗಳಿದರೆ ಮುಂದಿನವನಿಗೆ ಕೆಟ್ಟದಾಗಿ ಹೊಲಿಯುತ್ತಾಳೆ.

ಜನವರಿ 24, ಶುಕ್ರವಾರ

ಮನೆ. ನೆಲಮಾಳಿಗೆಯ ಕೋಣೆಯಲ್ಲಿ ಹಾಸಿಗೆ ಹಾಕಿಸಿಕೊಂಡೆ, ಅಲ್ಲೇ ಪಕ್ಕದಲ್ಲಿ ಬಚ್ಚಲಿದೆ. "ಮೇಲೆ ನಿನ್ನ ಹಾಸಿಗೆ ಇದೆಯಲ್ಲ," ಎಂದಳು ಆರ್ಲಿಸ್. ಬಚ್ಚಲ ಪಕ್ಕದಲ್ಲೇ ಮಲಗಬೇಕು ಎಂದಿದ್ದಾರೆ ಎಂದೆ. ಹಾಗೆ ಯಾರೂ ಅಂದಿಲ್ಲ.

ಚೀಲಕ್ಕೆ ಬರುವುದು ನೀರಿನಂತಿದೆ. ಗಟ್ಟಿಯಾಗಲು ಮಾರ್ಷ್‌ಮ್ಯಾಲೋ ಎಂಬ ಸಕ್ಕರೆಯ ಬುರುಗು ಮಿಠಾಯಿ ತಿನ್ನಬೇಕಂತೆ. ಅರವತ್ತಾರು ವರ್ಷದ ಗಂಡಸು, ಮೊಲೆ ಬಿಡಿಸಿದ ಮಗುವಿನ ಹಾಗೆ ದಿನಕ್ಕೆ ಆರು ಮಿಠಾಯಿ ಎಣಿಸಿ ತಿನ್ನುತ್ತಿದ್ದೇನೆ. ಇದಕ್ಕೆ ವಿಜ್ಞಾನ ಎನ್ನುತ್ತಾರೆ.

ಫೆಬ್ರವರಿ 9, ಭಾನುವಾರ

ಚರ್ಚಿನಿಂದ ಹೆಂಗಸರು ಬಂದರು. ಆಲೂಗಡ್ಡೆ, ಚೀಸು, ಪೂರ್ವಜನ್ಮದಲ್ಲಿ ಕೋಳಿಯಾಗಿದ್ದಿರಬಹುದಾದ ಏನೋ ಸೇರಿಸಿ ಬೇಯಿಸಿದ ನಾಲ್ಕು ತಟ್ಟೆ. ಗಸಗಸೆ ತುಂಬಿದ ಕೊಲಾಚ್ ಬನ್ನು ಬೇರೆ. ಬೀಜ ಇರುವುದನ್ನು ನಾನು ತಿನ್ನುವಂತಿಲ್ಲ. ಅವರ ಜೊತೆ ಬಂದ ಪಾದ್ರಿ ನನ್ನ ಕೈ ಹಿಡಿದು, "ಈ ಪರೀಕ್ಷೆ ನಿಮ್ಮನ್ನ ಇನ್ನೂ ಒಳ್ಳೆಯವರನ್ನಾಗಿ ಮಾಡತ್ತೆ," ಎಂದ. ಅದೇ ಕ್ಷಣಕ್ಕೆ ಹೊಟ್ಟೆಯ ತೂತು ದೀರ್ಘವಾಗಿ ಒಂದು ಸದ್ದು ಮಾಡಿತು. ನಾನು ಅಷ್ಟು ಚೆನ್ನಾಗಿ ಉತ್ತರ ಕೊಡುತ್ತಿರಲಿಲ್ಲ.

ಅವರು ಹೋದ ಮೇಲೆ ಆರ್ಲಿಸ್ ಹೇಳಿದಳು. ಶುಕ್ರವಾರ ಲ್ಯಾಬಿಗೆ ಫೋನ್ ಮಾಡಿದ್ದಳಂತೆ. ಬಂದ ಡಬ್ಬಿಗಳನ್ನು ದಾಖಲಿಸುವವಳು ಡೋರೀನ್ ಎಂಬ ಹೆಂಗಸು. ಹದಿನೆಂಟು ವರ್ಷ ಅದೇ ಕೆಲಸ. ಒಂದು ಡಬ್ಬಿಯನ್ನೂ ಕಳೆದಿಲ್ಲ ಎಂದು ಫೋನಿನಲ್ಲಿ ಅತ್ತಳಂತೆ.

"ಅತ್ರೆ ನಾನು ಬಿಟ್ಟುಬಿಡ್ತೀನಾ? ರಾಜ್ಯದ ಆರೋಗ್ಯ ಇಲಾಖೆಗೆ ದೂರು ಕೊಡ್ತೀನಿ."

"ಅಳೋರಿಗೆಲ್ಲ ಹೆದರ್ಬೇಡ," ಎಂದೆ. ಯಾಕೆ ಹಾಗೆಂದೆನೋ. ಆ ಹೆಂಗಸಿಗೆ ಬೆನ್ನುಮೂಳೆ ಇಲ್ಲ. ತಪ್ಪು ಮಾಡದವಳು ಯಾಕೆ ಅಳಬೇಕು.

ಫೆಬ್ರವರಿ 20, ಗುರುವಾರ

ಡೋರೀನ್‌ಳನ್ನು ವಿಚಾರಣೆ ಮುಗಿಯುವ ತನಕ ಕೆಲಸದಿಂದ ದೂರ ಇಟ್ಟಿದ್ದಾರಂತೆ.

"ಬಿಡು ಆರ್ಲಿಸ್, ಆದದ್ದಾಯ್ತು," ಎಂದೆ.

"ಆದದ್ದಾಯ್ತು ಅಂತೆ. ನೀನು ಸಾಯ್ತಿದ್ದೆ. ನನಗೆ ಯಾರು ಉತ್ತರ ಕೊಡ್ಬೇಕು?"

ನನ್ನ ಅನಾರೋಗ್ಯದಿಂದ ನಾನು ಉದಾರಿಯಾಗಿದ್ದೇನೆ ಎಂದುಕೊಂಡಳು. ಹಣೆಗೆ ಮುತ್ತಿಟ್ಟಳು. ಕೆಳಗೆ ಬಂದು ಚೀಲ ಬದಲಾಯಿಸಿದೆ, ಅಂಚು ಸರಿಯಾಗಿ ಕೂರಲಿಲ್ಲ, ಮತ್ತೆ ಕಿತ್ತು ಮತ್ತೆ ಅಂಟಿಸಿದೆ. ಮೂರು ಚೀಲ ಹಾಳು. ಇವನ್ನು ಮಾಡಿದವನು ಯಾರೋ ಮುಠ್ಠಾಳ.

ಮಾರ್ಚ್ 8, ಶನಿವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತಕ್ಕೆ ರೆನೆಟಾ ಫೋನ್ ಮಾಡಿದಳು. ರೈತ ಲೈಲ್ ಸೊಬೋಟ್ಕಾನ ಕೊಟ್ಟಿಗೆಯಲ್ಲಿ ಚೊಚ್ಚಲು ಹಸು, ಗರ್ಭಚೀಲ ತಿರುಚಿಕೊಂಡಿದೆ. ಸಲಹೆ ಕೇಳಲು ಮಾತ್ರ ಫೋನ್ ಮಾಡಿದ್ದು. ಆರ್ಲಿಸ್ ಚರ್ಚು ಗುಡಿಸಲು ಹೋಗಿದ್ದಳು. ಹತ್ತು ಪೌಂಡಿಗಿಂತ ಹೆಚ್ಚು ಎತ್ತಬಾರದು, ಗಾಡಿ ಓಡಿಸಬಾರದು ಎಂದು ಕುಳ್ಳಿ ಹೇಳಿದ್ದಳು. ಗಾಡಿ ತೆಗೆದುಕೊಂಡು ಹೋದೆ.

ಲೈಲ್ ನನಗೊಂದು ಬಕೆಟ್ ಬೋರಲು ಹಾಕಿ ಕೂರಿಸಿದ. ಹಸುವನ್ನು ಮಲಗಿಸಿ, ಪಕ್ಕೆಯ ಮೇಲೆ ಹಲಗೆ ಇಟ್ಟು ಹೊರಳಿಸಿ ತಿರುಚು ಬಿಡಿಸು ಎಂದೆ. ನಲವತ್ತು ವರ್ಷ ಅದನ್ನೇ ಮಾಡಿದ್ದೇನೆ. ರೆನೆಟಾ ಒಳಗಿದ್ದ ಕೈ ತೆಗೆದು, "ಬೇಡ ಡಾಕ್ಟ್ರೇ. ಗೋಡೆ ಊದಿ ಮೆತ್ತಗಾಗಿದೆ. ಹೊರಳಿಸಿದ್ರೆ ಹರಿಯತ್ತೆ. ಕೊಯ್ತೀನಿ," ಎಂದಳು.

"ನಿನ್ನ ಕನ್ನಡಕ ಹೇಳ್ತಾ?"

"ಕೈ ಹೇಳ್ತು."

ಕೊಯ್ದಳು. ನಿಂತ ಹಸುವಿನ ಎಡಪಕ್ಕೆ. ಗರ್ಭಚೀಲ ಕಪ್ಪಗೆ, ನೇರಳೆ ಬಣ್ಣಕ್ಕೆ ತಿರುಗಿತ್ತು, ಒದ್ದೆ ಕಾಗದದ ಹಾಗೆ. ಹೊರಳಿಸಿದ್ದರೆ ಹಸು ಅಲ್ಲೇ ಹೋಗುತ್ತಿತ್ತು. ಕರುವಿನ ಹಿಂಗಾಲು ಹಿಡಿದು ಎಳೆಯುವಾಗ ಗರ್ಭಚೀಲ ಒಳಕ್ಕೆ ಜಾರತೊಡಗಿತು. ಅವಳಿಗಿದ್ದದ್ದು ಎರಡೇ ಕೈ. ಲೈಲ್ ಹಗ್ಗ ಹಿಡಿದಿದ್ದ. ನಾನು ಎದ್ದು ಗರ್ಭಚೀಲದ ಅಂಚನ್ನು ಹಿಡಿದುಕೊಂಡೆ. ಹಾಗೆ ಹಿಡಿಯುವಾಗ ಹೊಟ್ಟೆ ಕಬ್ಬಿಣದ ಕಟಕಟೆಗೆ ಒತ್ತಿತು. ನನ್ನ ಚೀಲ ಕಿತ್ತುಬಂತು. ಬೆಚ್ಚಗೆ ತೊಡೆಯ ಮೇಲಿಂದ ಬೂಟಿನೊಳಗೆ ಇಳಿಯಿತು. ಕರು ಬಿದ್ದು, ಸೀನಿ, ತಲೆ ಕೊಡವುವ ತನಕ ನಾನು ಅಂಚು ಬಿಡಲಿಲ್ಲ.

ಲೈಲ್ ನೆಲ ನೋಡಿ, "ಇದು ಹಸುದಾ, ನಿಮ್ಮದಾ, ಡಾಕ್ಟ್ರೇ?" ಎಂದ.

"ನನ್ನದು."

"ಸರಿ," ಎಂದು ಒಂದು ಗೋಣಿಚೀಲ ಕೊಟ್ಟು, ಹೊರಗೆ ಹೋಗಿ ಆರ್ಲಿಸ್‌ಗೆ ಫೋನ್ ಮಾಡಿದ. ರೆನೆಟಾ ಹೊಲಿಯುತ್ತಲೇ ಇದ್ದಳು. ತಿರುಗಿ ನೋಡಲಿಲ್ಲ. ಅಷ್ಟು ಬುದ್ಧಿ ಇದೆ.

ಆರ್ಲಿಸ್ ಬಂದು, ಕಾರಿನ ಸೀಟಿನ ಮೇಲೆ ಮೇವಿನ ಚೀಲ ಹಾಸಿ, ಕೂರಿಸಿಕೊಂಡು ಹೋದಳು. ಬಚ್ಚಲಲ್ಲಿ ನಿಲ್ಲಿಸಿ, ಬಟ್ಟೆ ಕತ್ತರಿಸಿ ತೆಗೆದು, ಬಿಸಿನೀರಿನಲ್ಲಿ ತೊಳೆದಳು. ಬೇಡ ಎನ್ನಲು ಆಗಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ಅವಳು ಆ ಕರುಳಿನ ತುದಿಯನ್ನು ನೋಡಿದ್ದು. "ಇಷ್ಟೇನಾ?" ಎಂದಳು. "ಇದಕ್ಕಾ ನೆಲಮಾಳಿಗೆ ಸೇರ್ಕೊಂಡಿದ್ದು?" ಡಬ್ಬದ ಮೇಲಿನ ಸೂಚನೆ ಓದಿ, ತೂತಿನ ಅಳತೆಗೆ ಕತ್ತರಿಸಿ, ಹೊಸ ಚೀಲ ಅಂಟಿಸಿ, ಅಂಟು ಹಿಡಿಯಲು ಅಂಗೈಯನ್ನು ಅದರ ಮೇಲೆ ಒತ್ತಿ ಹಿಡಿದಳು. ಮೈ ಶಾಖಕ್ಕೆ ಅಂಟು ಕೂರುತ್ತದೆ, ಅರವತ್ತು ಎಣಿಸಬೇಕು. ಎಣಿಸುತ್ತ ನಡುವೆ ಹೇಳಿದಳು:

"ಸೋಮವಾರ ಆ ಡೋರೀನ್‌ದು ವಿಚಾರಣೆ. ಕೆಲ್ಸ ಹೋಗತ್ತಂತೆ. ಹೋಗ್ಲಿ. ಅವಳಿಂದ ತಾನೇ ನಿನಗೆ ಈ ಗತಿ."

"ಡಬ್ಬಿ ನಾನು ಕಳಿಸ್ಲಿಲ್ಲ," ಎಂದೆ.

"ಏನು?"

"ಸುಟ್ಟುಹಾಕ್ದೆ, ಹಿತ್ತಲಲ್ಲಿ. ಫೋನ್ ಬಂತು ಅಂದಿದ್ದು ಸುಳ್ಳು."

ಅವಳ ಕೈ ನನ್ನ ಹೊಟ್ಟೆಯ ಮೇಲೆಯೇ ಇತ್ತು. ತೆಗೆಯಲಿಲ್ಲ. ಅರವತ್ತು ಮುಗಿಯುವ ತನಕ ಇಟ್ಟಿದ್ದಳು, ಆಮೇಲೂ ಸ್ವಲ್ಪ ಹೊತ್ತು. ಆಮೇಲೆ ತೆಗೆದು, ಸಾಬೂನು ಹಚ್ಚಿ ತೊಳೆದು, ಒಂದೊಂದು ಬೆರಳನ್ನೂ ಒರೆಸಿಕೊಂಡಳು. "ಅಂಟಿದೆ," ಎಂದಳು.

ಮೇಲೆ ಹೋಗಿ ಇಲಾಖೆಗೆ ಫೋನ್ ಮಾಡಿದಳು. ಶನಿವಾರ, ಯಾರೂ ಇಲ್ಲ. ಸಂದೇಶ ಮುದ್ರಿಸುವ ಯಂತ್ರಕ್ಕೆ ಹೇಳಿದ್ದು ಕೆಳಗೆ ಕೇಳಿಸಿತು. "ನನ್ನ ದೂರು ತಪ್ಪು. ನನ್ನ ಗಂಡ ಸುಳ್ಳು ಹೇಳಿದ್ದ. ಹೆಸರು ಬರ್ಕೊಳ್ಳಿ." ನನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಆಮೇಲೆ ಕಾರು ಹೊರಟ ಸದ್ದು.

ಮಾರ್ಚ್ 9, ಭಾನುವಾರ

ಆರ್ಲಿಸ್ ಕಿಯರ್ನಿಯಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿದ್ದಾಳೆ. ಹೋಗಲಿ.

ಮಾರ್ಚ್ 12, ಬುಧವಾರ

ಚರ್ಚಿನ ಹೆಂಗಸರ ತಟ್ಟೆಗಳು ಫ್ರೀಜರಿನಲ್ಲಿ ಇನ್ನೂ ಎರಡಿವೆ. ಅದನ್ನೇ ತಿಂದೆ. ಅಷ್ಟು ಕೆಟ್ಟದಾಗಿಲ್ಲ.

ಮಾರ್ಚ್ 17, ಸೋಮವಾರ

ಡೋರೀನ್‌ಳಿಗೆ ಪತ್ರ ಬರೆಯಲು ಕೂತೆ. ಮೊದಲನೆಯದು ವಕೀಲ ಬರೆದಂತಿತ್ತು. ಎರಡನೆಯದರಲ್ಲಿ ಅಂಚೆ ಕಚೇರಿಯ ಬರ್ನೀಸ್‌ಳ ಮೇಲೆ ತಪ್ಪು ಹೊರಿಸಿದ್ದೆ. ಮೂರನೆಯದರಲ್ಲಿ ನನ್ನ ಕಾಯಿಲೆಯ ವರ್ಣನೆ ಒಂದೂವರೆ ಪುಟ, ಭಿಕ್ಷೆ ಬೇಡುವವನು ಗಾಯ ತೋರಿಸಿದ ಹಾಗೆ. ನಾಲ್ಕನೆಯದು: "ಡಬ್ಬಿ ನಾನು ಕಳಿಸಿರಲಿಲ್ಲ. ಹೆಂಡತಿಗೆ ಸುಳ್ಳು ಹೇಳಿದೆ. ಅವರು ನಿಮ್ಮನ್ನು ದೂರುವಾಗ ಮೂರು ತಿಂಗಳು ಸುಮ್ಮನಿದ್ದೆ. ನಿಮ್ಮ ತಪ್ಪು ಏನೂ ಇಲ್ಲ. ಈ ಪತ್ರವನ್ನು ಯಾರಿಗೆ ಬೇಕಾದರೂ ತೋರಿಸಿ." ನಾನೇ ನಡೆದು ಹೋಗಿ ಅಂಚೆಗೆ ಹಾಕಿದೆ. ಬರ್ನೀಸ್ ತೂಕ ಮಾಡಿ, "ಹೇಗಿದೀರಿ?" ಎಂದಳು. ನಗಲಿಲ್ಲ.

ಸಂಜೆ ರೆನೆಟಾ ಹಾಲು, ಬ್ರೆಡ್ಡು, ಮಾರ್ಷ್‌ಮ್ಯಾಲೋ ತಂದಿಟ್ಟಳು. ಲೈಲ್‌ನ ಹಸು, ಕರು ಎರಡೂ ಚೆನ್ನಾಗಿವೆ.

"ಹೊಲಿಗೆ ಸ್ವಲ್ಪ ಬಿಗಿಯಾಗಿತ್ತು," ಎಂದೆ.

"ನೀವು ಆವಾಗ ನನ್ನ ಹೊಲಿಗೆ ನೋಡ್ತಿದ್ರಾ ಡಾಕ್ಟ್ರೇ?"

"ಮತ್ತೇನು ನೋಡ್ಲಿ, ನನ್ನ ಬೂಟಾ?"

ಅವಳು ನಕ್ಕಾಗ ಒಂದು ಕಡೆಯ ಹಲ್ಲು ಸೊಟ್ಟ ಎಂಬುದನ್ನು ಇವತ್ತು ಗಮನಿಸಿದೆ.

ಮಾರ್ಚ್ 29, ಶನಿವಾರ

ಡೋರೀನ್ ಉತ್ತರಿಸಿದ್ದಾಳೆ. ಎರಡೇ ಸಾಲು. "ಕೆಲಸಕ್ಕೆ ವಾಪಸು ಕರೆದಿದ್ದಾರೆ. ನಿಮ್ಮನ್ನು ನಾನು ಕ್ಷಮಿಸಿಲ್ಲ." ಕೆಳಗೆ ಪೂರ್ತಿ ಹೆಸರು. ಅಕ್ಷರ ಗುಂಡಗೆ, ಗಟ್ಟಿಯಾಗಿದೆ. ಬೆನ್ನುಮೂಳೆ ಇಲ್ಲವೆಂದು ಬರೆದಿದ್ದೆ. ಇದೆ.

ಏಪ್ರಿಲ್ 21, ಸೋಮವಾರ

ನಾಳೆ ಕರುಳನ್ನು ಒಳಗೆ ಹಾಕಿ ಹೊಟ್ಟೆ ಮುಚ್ಚುತ್ತಾರೆ. ರೆನೆಟಾ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಬೆಳಿಗ್ಗೆ ಅಂಗಳದಲ್ಲಿ ಆರ್ಲಿಸ್‌ಳ ಕಾರು.

"ರೆನೆಟಾಗೆ ಕೆಲ್ಸ ಇದೆ. ಹತ್ತು," ಎಂದಳು.

ಗ್ರ್ಯಾಂಡ್ ಐಲೆಂಡ್ ಊರು ದಾಟಿದೆವು. ಆಮೇಲೆ, ರಸ್ತೆಯ ಮೇಲೆಯೇ ಕಣ್ಣಿಟ್ಟು ಹೇಳಿದಳು. "ನೀನು ಪರೀಕ್ಷೆ ಮಾಡಿಸ್ಲಿಲ್ಲ ಅಂತ ನನಗೆ ಕೋಪ ಇಲ್ಲ. ನೀನು ಹುಟ್ಟಾ ಕತ್ತೆ, ಅದು ಮದುವೆ ದಿನಾನೇ ಗೊತ್ತಿತ್ತು. ನನ್ನ ಕೈಲಿ ಆ ಹೆಂಗಸಿಗೆ ಹೊಡೆಸಿದೆಯಲ್ಲ. ಅದಕ್ಕೆ."

"ಗೊತ್ತು."

"ಗೊತ್ತು ಅಂದ್ರೆ ಸಾಲ್ದು."

"ಏನು ಮಾಡ್ಲಿ, ಹೇಳು."

"ನನಗೆ ಗೊತ್ತಿಲ್ಲ ವರ್ಲಿನ್. ಸುಮ್ನೆ ಕೂತ್ಕೋ."

ಕೂತೆ. ಅವಳು ಎಡಕ್ಕೆ ತಿರುಗುವ ಮೊದಲು ದೀಪ ಹಾಕುವುದಿಲ್ಲ, ಯಾವತ್ತೂ ಹಾಕಿಲ್ಲ. ಹೇಳಲಿಲ್ಲ.

ಏಪ್ರಿಲ್ 26, ಶನಿವಾರ

ಮೂರು ತಿಂಗಳ ಮೇಲೆ ಹಿಂಬಾಗಿಲು ತೆರೆಯಿತು. ಹೂಸು ಬಿಟ್ಟದ್ದಕ್ಕೆ ಡಾ. ಫಾಮ್ ಕೈಕುಲುಕಿದರು. ಇಂಥ ಸಾಧನೆಗೆ ಕೈಕುಲುಕುವ ಕಸುಬು ಇದೊಂದೇ. ಗುದನಾಳವೆಂದರೆ ಬರೀ ಕೊಳವೆಯಲ್ಲ, ಮಲ ಕಾದಿರುವ ಕೋಣೆ, ಆ ಕೋಣೆಯನ್ನೇ ಬಹುಪಾಲು ತೆಗೆದಿದ್ದೇವೆ, ಆದ್ದರಿಂದ ಇನ್ನು ಮೇಲೆ ಬಂದದ್ದು ಬಂದಂತೆ ಎಂದು ವಿವರಿಸಿದರು. ಒಂದು ವರ್ಷದಲ್ಲಿ ಸ್ವಲ್ಪ ಸುಧಾರಿಸಬಹುದು, ಪೂರ್ತಿ ಮೊದಲಿನಂತೆ ಆಗುವುದಿಲ್ಲ ಎಂದೂ ಹೇಳಿದರು. ಸುತ್ತಿಬಳಸಿ ಹೇಳಲಿಲ್ಲ.

"ಹೊಲಿಗೆ ಪರವಾಗಿಲ್ಲ," ಎಂದೆ.

"ಜನವರಿಯಿಂದ ಇದನ್ನ ಕಾಯ್ತಿದ್ದೆ," ಎಂದರು.

ಮೇ 15, ಗುರುವಾರ

ನಿನ್ನೆ ಬಚ್ಚಲಿಗೆ ಹದಿನಾಲ್ಕು ಸಲ. ಇವತ್ತು ಮಧ್ಯಾಹ್ನದೊಳಗೆ ಒಂಬತ್ತು. ಹೋಗಿ ಬಂದು ಕೂರುವಷ್ಟರಲ್ಲಿ ಮತ್ತೆ. ಗಾಡಿಯಲ್ಲಿ ಹತ್ತು ಮೈಲಿ ಹೋದೆ, ನಿಲ್ಲಿಸಿ ಬೇಲಿಗೂಟದ ಹಿಂದೆ ಕೂರಬೇಕಾಯಿತು. ಈ ಗುಡ್ಡಗಳಲ್ಲಿ ಒಂದು ಮರ ಕೂಡ ಇಲ್ಲ. ಎಲ್ಲ ಹುಲ್ಲು. ಇಷ್ಟು ವರ್ಷ ಇದನ್ನು ಯಾರಾದರೂ ಸುಂದರ ಎಂದರೆ ಒಪ್ಪುತ್ತಿದ್ದೆ.

ಸಂಜೆ ಕ್ಲಿನಿಕ್ಕಿಗೆ ಹೋಗಿ ಬೀಗದ ಕೈಗಳನ್ನು ರೆನೆಟಾಗೆ ಕೊಟ್ಟೆ. ಭಾಷಣ ಬೇಡ ಎಂದು ಮೊದಲೇ ಹೇಳಿದ್ದೆ. ಹೊರಗೆ ಬಂದು ಗಾಡಿಯ ಬಾಗಿಲು ಹಾಕಿ ನಿಂತಳು. "ಗಬ್ಬ ಪರೀಕ್ಷೆ ಕೈಯಲ್ಲಿ ಮಾಡೋದು ಇನ್ನೂ ನನಗೆ ಸರಿಯಾಗಿ ಬರಲ್ಲ ಡಾಕ್ಟ್ರೇ. ಕ್ಲಿನಿಕ್ಕಲ್ಲಿ ಬಚ್ಚಲು ಇದೆ. ಬುಧವಾರ ಬುಧವಾರ ಬನ್ನಿ." ಸುಳ್ಳು. ಅವಳಿಗೆ ಚೆನ್ನಾಗಿಯೇ ಬರುತ್ತದೆ. ಬುಧವಾರ ನೋಡೋಣ ಎಂದೆ.

ಆರ್ಲಿಸ್ ಮನೆಗೆ ವಾಪಸಾಗಿದ್ದಾಳೆ. ಅವಳು ಮೇಲೆ, ನಾನು ಕೆಳಗೆ. ಊಟ ಹಾಕುತ್ತಾಳೆ. "ಉಪ್ಪು ಕೊಡು," "ಬಾಗಿಲು ಹಾಕು," ಇಷ್ಟು ಮಾತು.

ಜೂನ್ 12, ಗುರುವಾರ

ಬೆಳಿಗ್ಗೆ ತಿಂಡಿಯಾದ ಮೇಲೆ ಬಚ್ಚಲು ಸೇರಿದವನಿಗೆ ಹೊರಗೆ ಬರಲಾಗಲಿಲ್ಲ. ಏಳಬೇಕು ಅನ್ನುವಷ್ಟರಲ್ಲಿ ಮತ್ತೆ. ಮುಕ್ಕಾಲು ಗಂಟೆಯಾಯಿತು. ಕಾಲು ಜೋಮು ಹಿಡಿಯಿತು. ಮೆಟ್ಟಿಲು ಇಳಿಯುವ ಸದ್ದಾಯಿತು.

"ಬದುಕಿದೀಯಾ?" ಆರ್ಲಿಸ್ ಬಾಗಿಲಾಚೆಯಿಂದ ಕೇಳಿದಳು.

"ಹೂಂ."

ಕುರ್ಚಿ ಎಳೆದ ಸದ್ದು. ಗುರುವಾರ ನಮ್ಮ ಜಿಲ್ಲೆಯ ವಾರಪತ್ರಿಕೆ ಬರುತ್ತದೆ. ಹಾಳೆ ಬಿಚ್ಚಿದ್ದು ಕೇಳಿಸಿತು. ನಾನು ಕೇಳಿರಲಿಲ್ಲ, ಅವಳೇ ಓದತೊಡಗಿದಳು. ಶಾಲೆಯ ಛಾವಣಿ ಸೋರುತ್ತಿದೆ. ಯಾರದೋ ಹೋರಿ ಹೆದ್ದಾರಿಯಲ್ಲಿ ನಿಂತಿತ್ತು. ಆಮೇಲೆ ನಿಧನ ವಾರ್ತೆ.

"ಮೆಲ್ವಿನ್ ಟೀಟ್ಜ್, ಎಂಬತ್ಮೂರು. ಮೃದು ಸ್ವಭಾವದವರು. ಸಕಲ ಪ್ರಾಣಿಗಳಲ್ಲೂ ದಯೆಯಿದ್ದವರು," ಎಂದು ಓದಿ ನಿಲ್ಲಿಸಿದಳು. "ಮೆಲ್ವಿನ್ನಾ? ಅವನ ನಾಯಿಯೇ ಅವನನ್ನ ಕಂಡ್ರೆ ಓಡ್ತಿತ್ತು."

"ಆ ನಾಯಿಗೆ ಎರಡು ಸಲ ಹೊಲಿಗೆ ಹಾಕಿದೀನಿ," ಎಂದೆ ಒಳಗಿಂದ. "ಎರಡನೇ ಸಲ ಅವನಿಗೂ ಹಾಕ್ಬೇಕಾಯ್ತು. ನಾಯಿ ಕೊನೆಗೂ ಕಚ್ಚಿತ್ತು."

"ಎಲ್ಲಿ ಕಚ್ಚಿತ್ತು?"

"ಹಿಂದೆ."

ಆಚೆ ಅವಳು ನಕ್ಕಳು. ಮೂಗಿನಿಂದ ಬರುವ ಆ ನಗು. ಮಾರ್ಚಿನಿಂದ ಕೇಳಿರಲಿಲ್ಲ. "ಅದನ್ನ ಯಾಕೆ ಬರೆದಿಲ್ಲ ಇವರು," ಎಂದು ಹಾಳೆ ತಿರುಗಿಸಿದಳು.

ಆಮೇಲೆ ಮದುವೆಯ ಸುದ್ದಿ ಓದಿದಳು. ಹುಡುಗನ ಅಜ್ಜ ಮೇವು ಕದಿಯುತ್ತಿದ್ದದ್ದನ್ನು ನಾನು ಹೇಳಿದೆ. ಹುಡುಗಿಯ ಅತ್ತೆಯ ಬಗ್ಗೆ ಅವಳು ಹೇಳಿದಳು, ಅದು ನನಗೂ ಗೊತ್ತಿರಲಿಲ್ಲ. ಹರಾಜಿನ ಜಾಹೀರಾತು ಓದಿದಳು. ಹವಾಮಾನ ಓದಿದಳು. ಪಾದ್ರಿಯ ಅಂಕಣವನ್ನು ಪಾದ್ರಿಯದೇ ದನಿಯಲ್ಲಿ ಓದಿದಳು.

ನನ್ನ ಕೆಲಸ ಮೆಲ್ವಿನ್‌ನ ಸುದ್ದಿಯ ಹೊತ್ತಿಗೇ ಮುಗಿದಿತ್ತು. ಎದ್ದು ಬರಲಿಲ್ಲ.